ಹೆಚ್ಚುವರಿ ಪಾಠ: ಬಳ್ಳಾರಿಯಿಂದ ಜಿಗಣಿಗೆ ಇನ್ನೂರು ವರ್ಷ

ಯಾವುದಾದರೂ ಹಳೆಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ, ಮುಖ್ಯ ಶಿಕ್ಷಕರ ಕೊಠಡಿಯಲ್ಲಿರುವ ಕಬ್ಬಿಣದ ಬೀರುವನ್ನು ತೆರೆಸಿ ನೋಡಿ. ತಳದಲ್ಲಿ ಎಂಬತ್ತರ ದಶಕದ ಕೊನೆಯಲ್ಲಿ ಬಂದ ವಿಜ್ಞಾನದ ಪೆಟ್ಟಿಗೆ ಇರಬಹುದು. ಅದರ ಮೇಲೆ ಪಾಠ ಕೇಳಿಸಲೆಂದು ಕೊಟ್ಟ ರೇಡಿಯೋ, ನಲಿ-ಕಲಿಯ ಕಾರ್ಡುಗಳ ಕಟ್ಟು, ಗಣಿತದ ಕಿಟ್, ಯಾವುದೋ ಕಂಪನಿಯವರು ಫೋಟೋ ತೆಗೆಸಿಕೊಂಡು ಕೊಟ್ಟುಹೋದ ಕಥೆ ಪುಸ್ತಕಗಳು, ಕೊರೋನಾ ನಂತರದ ಕಲಿಕಾ ಚೇತರಿಕೆಯ ಹಾಳೆಗಳು. ಒಂದೊಂದು ಪದರವೂ ಒಂದೊಂದು ಸರ್ಕಾರದ, ಒಂದೊಂದು ಸಂಸ್ಥೆಯ, ಒಂದೊಂದು ಕಾಲದ ಸದುದ್ದೇಶ. ಕರ್ನಾಟಕದ ಪ್ರಾಥಮಿಕ ಶಿಕ್ಷಣದ ಚರಿತ್ರೆಯನ್ನು ಬರೆಯುವವರು ವರದಿಗಳ ಜೊತೆಗೆ ಈ ಬೀರುವನ್ನೂ ಓದಬೇಕು.

ಪಠ್ಯಪುಸ್ತಕ ಮತ್ತು ವೇಳಾಪಟ್ಟಿ ಶಾಲೆಯ ಖಾಯಂ ಪಾಠ. ಅದರಾಚೆಗೆ, ಹಿಂದುಳಿದ ಮಗುವನ್ನು ಮುಂದಕ್ಕೆ ತರಲು ಮಾಡುವ ಎಲ್ಲವನ್ನೂ ಇಲ್ಲಿ ಹೆಚ್ಚುವರಿ ಪಾಠ ಎಂದು ಕರೆಯುತ್ತೇನೆ. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಪರಿಹಾರ ಬೋಧನೆ, ಸೇತುಬಂಧ, ವಿಶೇಷ ತರಬೇತಿ ಎಂದು ಹಲವು ಹೆಸರುಗಳಿವೆ. ಹೆಸರುಗಳು ಬಂದಿವೆ, ಹೋಗಿವೆ. ಆದರೆ ಅವುಗಳ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಎಲ್ಲ ಕಾಲದಲ್ಲೂ ಎದುರಾಗುವ ಪ್ರಶ್ನೆ ಒಂದೇ. ಹೊರಗಿನಿಂದ ಬಂದ ಪುಸ್ತಕ, ಕಿಟ್, ಸ್ವಯಂಸೇವಕ, ಯೋಜನೆ ಇವನ್ನೆಲ್ಲ ಒಂದು ಶಾಲೆಯೊಳಗೆ ಜೋಡಿಸಿ, ಬೇಕಾದ ಮಗುವಿಗೆ ಬೇಕಾದ ಹೊತ್ತಿನಲ್ಲಿ ಮುಟ್ಟಿಸುವವರು ಯಾರು?

ಬಳ್ಳಾರಿಯ ಲೆಕ್ಕ

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಅಧೀನದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳಿಸಿದ ಉತ್ತರ ಇಂದಿಗೂ ಓದಲು ಯೋಗ್ಯವಾದದ್ದು. ಸುಮಾರು ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಜನರಿದ್ದ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಎಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು, 23ರಲ್ಲಿ ಮರಾಠಿ, 21ರಲ್ಲಿ ಪಾರ್ಸಿ, ನಾಲ್ಕರಲ್ಲಿ ತಮಿಳು, ಉಳಿದವು ಸಂಸ್ಕೃತ ಮತ್ತು ಒಂದು ಇಂಗ್ಲಿಷ್. ಒಂದೇ ಜಿಲ್ಲೆಯಲ್ಲಿ ಏಳು ಭಾಷೆಗಳ ಶಾಲೆಗಳು!

ಕ್ಯಾಂಪ್‌ಬೆಲ್‌ನ ಗಮನ ಸೆಳೆದದ್ದು ಆ ಶಾಲೆಗಳ ಒಂದು ಪದ್ಧತಿ. ಮುಂದಿರುವ ಮಕ್ಕಳು ಹಿಂದಿರುವ ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಹಿಂದಿನವರು ಕಲಿಯುತ್ತಿದ್ದರು, ಮುಂದಿನವರ ಕಲಿಕೆ ಗಟ್ಟಿಯಾಗುತ್ತಿತ್ತು. ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂಬ ಅರ್ಥದಲ್ಲಿ ಆತ ಮೆಚ್ಚಿ ಬರೆದ. ಅನುಕರಿಸಿದ್ದೂ ನಿಜ. ಮದ್ರಾಸಿನ ಎಗ್ಮೋರ್‌ನಲ್ಲಿದ್ದ ಸೈನಿಕರ ಅನಾಥಾಲಯದಲ್ಲಿ ಕೆಲಸ ಮಾಡಿದ ಆ್ಯಂಡ್ರೂ ಬೆಲ್, ಮಲಬಾರಿನ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಮಕ್ಕಳಿಂದ ಮಕ್ಕಳಿಗೆ ಪಾಠ ಎಂಬ ಕ್ರಮವನ್ನು ರೂಪಿಸಿ 1797ರಲ್ಲಿ ಅದರ ಬಗ್ಗೆ ಪುಸ್ತಕ ಪ್ರಕಟಿಸಿದ. ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹರಡಿತು.

ಹಿಂದಿನದ್ದೆಲ್ಲ ಚಿನ್ನ ಎಂದು ಹೇಳಲು ಈ ಮಾತು ಎತ್ತಿಲ್ಲ. ಬಳ್ಳಾರಿಯ ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಮುಸ್ಲಿಂ ಮಕ್ಕಳು 243, ಅವರಲ್ಲಿ ಹೆಣ್ಣುಮಗು ಒಂದೂ ಇಲ್ಲ. ಊರ ಹೊರಗಿನ ಕೇರಿಗಳ ಮಕ್ಕಳಿಗೆ ಆ ಬಾಗಿಲು ತೆರೆದಿರಲಿಲ್ಲ. ಅರ್ಥವಾಗದ ಪದ್ಯಗಳನ್ನು ಬಾಯಿಪಾಠ ಮಾಡಿಸುತ್ತಾರೆಂದು ಕ್ಯಾಂಪ್‌ಬೆಲ್ ದೂರಿದ್ದೂ ಇದೆ. ಆದರೂ ಒಂದು ಮಾತು ನಿಲ್ಲುತ್ತದೆ. ಅಲ್ಲಿ ಹೆಚ್ಚುವರಿ ಪಾಠ ಬೇರೆ, ಶಾಲೆ ಬೇರೆ ಆಗಿರಲಿಲ್ಲ. ಹಿಂದುಳಿದ ಮಗುವಿನ ಪಕ್ಕದಲ್ಲಿ ಒಬ್ಬರನ್ನು ಕೂರಿಸುವುದು ಶಾಲೆ ನಡೆಯುವ ರೀತಿಯೇ ಆಗಿತ್ತು. ಯಾರನ್ನು ಯಾರ ಪಕ್ಕ ಕೂರಿಸಬೇಕೆಂದು ನಿರ್ಧರಿಸುವ ಕೆಲಸ ಅಯ್ಯನವರದು.

ಹೋಬಳಿ ಶಾಲೆ, ಮಕ್ತಬ್ ಮತ್ತು ಟ್ಯೂಷನ್

ಮೈಸೂರು ಸೀಮೆಯಲ್ಲಿ ಸರ್ಕಾರದ ಶಾಲೆ ಹಳ್ಳಿಯ ಕಡೆಗೆ ಬಂದದ್ದು 1868ರ ಹೋಬಳಿ ಶಾಲೆಗಳ ಯೋಜನೆಯೊಂದಿಗೆ. ಆಗ ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್, ಮುಂದೆ ಶಾಸನಗಳ ಸಂಗ್ರಹಕ್ಕೆ ಹೆಸರಾದವರು, ಹೋಬಳಿಗೊಂದು ಶಾಲೆ ಎಂಬ ಗುರಿ ಇಟ್ಟರು. ತರಗತಿ, ಪಠ್ಯಪುಸ್ತಕ, ತನಿಖೆ, ಪರೀಕ್ಷೆ ಎಲ್ಲವೂ ಕ್ರಮಕ್ಕೆ ಬಂದವು. ಲಕ್ಷಾಂತರ ಮಕ್ಕಳಿಗೆ ಶಾಲೆ ಸಿಕ್ಕಿದ್ದು ಈ ದಾರಿಯಿಂದಲೇ. ಆದರೆ ಒಂದು ತರಗತಿಯ ಮಕ್ಕಳೆಲ್ಲ ಒಂದೇ ಪುಟದಲ್ಲಿ ಇರಬೇಕೆಂಬ ನಿಯಮ ಬಂದೊಡನೆ ಆ ಪುಟದಲ್ಲಿ ಇಲ್ಲದ ಮಗು 'ನಪಾಸು' ಆಯಿತು. ಅದಕ್ಕೆ ಹೇಳಿಕೊಡುವುದು ಶಾಲೆಯ ಹೊರಗಿನ ಕೆಲಸವಾಯಿತು. ಉಳ್ಳವರು ಮನೆಪಾಠ ಹಚ್ಚಿದರು. ಇಲ್ಲದವರ ಮಕ್ಕಳು ಎಮ್ಮೆ ಹೊಡೆದುಕೊಂಡು ಹೋದರು, ಬೀಡಿ ಕಟ್ಟಿದರು, ರೇಷ್ಮೆ ನೂಲಿನ ಚರಕದ ಮುಂದೆ ಕುಳಿತರು.

ಮುಸ್ಲಿಂ ಮೊಹಲ್ಲಾಗಳಲ್ಲಿ ಶಾಲೆಯ ಹೊರಗಿನ ಇನ್ನೊಂದು ಪಾಠ ಮೊದಲಿನಿಂದಲೂ ಇತ್ತು. ಬೆಳಗ್ಗೆ ಶಾಲೆಗೆ ಮುಂಚೆ ಅಥವಾ ಸಂಜೆ ಮಗ್ರಿಬ್ ನಂತರ ಮಸೀದಿಯ ಹಜ್ರತ್ ಬಳಿ ಹೋಗಿ ಕುರ್‌ಆನ್ ಓದಲು ಕಲಿಯುವ ಮಕ್ತಬ್ ಅದು. ಇದನ್ನು ಹೊರಗಿನವರು ಮದರಸಾದೊಂದಿಗೆ ಬೆರೆಸಿ, ಮುಸ್ಲಿಂ ಮಕ್ಕಳು ಶಾಲೆ ಬಿಟ್ಟು ಅಲ್ಲಿಗೆ ಹೋಗುತ್ತಾರೆಂದು ಭಾವಿಸುವುದುಂಟು. 2006ರ ನವೆಂಬರ್‌ನಲ್ಲಿ ಬಂದ ಸಾಚಾರ್ ಸಮಿತಿಯ ವರದಿ ಈ ಎರಡನ್ನೂ ಬೇರ್ಪಡಿಸಿ ತೋರಿಸಿತು. ಮಕ್ತಬ್‌ಗೆ ಹೋಗುವ ಮಕ್ಕಳು ಬೇರೆ ಶಾಲೆಗಳಲ್ಲಿ ಓದುವವರೇ. ಅದು ಶಾಲೆಗೆ ಪೂರಕವಾದ ಅರೆಕಾಲಿಕ ಪಾಠ. ಶಾಲೆ ಬಿಟ್ಟು ಮದರಸಾದಲ್ಲೇ ಪೂರ್ತಿ ಓದುವ ಮುಸ್ಲಿಂ ಮಕ್ಕಳು ನೂರಕ್ಕೆ ನಾಲ್ಕರಷ್ಟೇ ಎಂದು ಸಮಿತಿ ಹೇಳಿತು.

ನಾನು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ. ಬಲದಿಂದ ಎಡಕ್ಕೆ ಓಡುತ್ತಿದ್ದ ಕೈಯನ್ನು ಎಡದಿಂದ ಬಲಕ್ಕೆ ತಿರುಗಿಸುವುದು ಹತ್ತು ವರ್ಷದ ಮಗುವಿಗೆ ಸಣ್ಣ ಕೆಲಸವಲ್ಲ. ನಮ್ಮ ಕನ್ನಡ ಮೇಷ್ಟ್ರು ಉರ್ದು ಶಾಲೆಯಿಂದ ಬಂದ ನಮ್ಮನ್ನು ಸಂಜೆ ಗಂಟೆ ಬಾರಿಸಿದ ಮೇಲೂ ಅರ್ಧ ಗಂಟೆ ಜಗುಲಿಯಲ್ಲಿ ಕೂರಿಸಿಕೊಂಡು ಒತ್ತಕ್ಷರ ಬರೆಸುತ್ತಿದ್ದರು. ಅದಕ್ಕೆ ಯೋಜನೆಯ ಹೆಸರಿರಲಿಲ್ಲ, ಅನುದಾನವಿರಲಿಲ್ಲ, ರಿಜಿಸ್ಟರಿನಲ್ಲಿ ಒಂದು ಸಾಲೂ ಇರಲಿಲ್ಲ. ನಾಡಿನಲ್ಲಿ ಇಂಥ ಸಾವಿರಾರು ಜಗುಲಿಗಳಿದ್ದವು. ಚರಿತ್ರೆಗೆ ಅವು ಸಿಗುವುದಿಲ್ಲ, ಏಕೆಂದರೆ ಅವು ಯಾರದೋ ಒಳ್ಳೆಯತನದ ಮೇಲೆ ನಿಂತಿದ್ದವು. ಆ ಮೇಷ್ಟ್ರಿಗೆ ವರ್ಗವಾದ ದಿನ ಜಗುಲಿಯೂ ಖಾಲಿಯಾಗುತ್ತಿತ್ತು.

ಬೀಗ ಹಾಕಿದ ಪೆಟ್ಟಿಗೆ

ಒಬ್ಬರ ಒಳ್ಳೆಯತನವನ್ನು ವ್ಯವಸ್ಥೆಯನ್ನಾಗಿ ಮಾಡುವುದು ಹೇಗೆ ಎಂದು ಯೋಚಿಸಿದ್ದು 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ. ಒಂಟಿ ಶಾಲೆ, ಒಂಟಿ ಶಿಕ್ಷಕ ಏನೂ ಮಾಡಲಾರ. ಆದ್ದರಿಂದ ಒಂದು ಪ್ರೌಢಶಾಲೆಯ ಸುತ್ತ ಮೂರು ನಾಲ್ಕು ಹಿರಿಯ ಪ್ರಾಥಮಿಕ, ಹತ್ತಿಪ್ಪತ್ತು ಕಿರಿಯ ಪ್ರಾಥಮಿಕ ಶಾಲೆಗಳನ್ನು ಸೇರಿಸಿ ಶಾಲಾ ಸಂಕೀರ್ಣಗಳನ್ನು ಮಾಡಬೇಕು. ಪ್ರಯೋಗಾಲಯ, ಪುಸ್ತಕ, ಉಪಕರಣಗಳನ್ನು ಹಂಚಿಕೊಳ್ಳಬೇಕು ಎಂದು ಅದು ಹೇಳಿತು. ಮಾತು ಚೆನ್ನಾಗಿತ್ತು, ಕಡತದಲ್ಲಿ ಉಳಿಯಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹಿಂದೆಯೇ 1987ರಲ್ಲಿ 'ಕರಿಹಲಗೆ ಕಾರ್ಯಾಚರಣೆ' ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ನಕ್ಷೆ, ಆಟಿಕೆ, ವಿಜ್ಞಾನದ ಪೆಟ್ಟಿಗೆ, ಒಂದಷ್ಟು ಪುಸ್ತಕಗಳು. ಒಬ್ಬರೇ ಶಿಕ್ಷಕರಿದ್ದ ಎಷ್ಟೋ ಶಾಲೆಗಳಿಗೆ ಎರಡನೆಯವರು ಬಂದದ್ದು ಇದರಿಂದ. ಆದರೆ ಪೆಟ್ಟಿಗೆಗಳ ಕಥೆ ಬೇರೆಯಾಯಿತು. ದಾಸ್ತಾನು ಪುಸ್ತಕದಲ್ಲಿ ಏರಿದ ವಸ್ತು ಒಡೆದರೆ ಲೆಕ್ಕ ಕೊಡಬೇಕಾದವರು ಮುಖ್ಯ ಶಿಕ್ಷಕರು. ಅದನ್ನು ಬಳಸಿದರೆ ಕೇಳುವವರಿಲ್ಲ, ಕಳೆದರೆ ಕೇಳುವವರಿದ್ದಾರೆ. ಹೀಗಾಗಿ ಪೆಟ್ಟಿಗೆಗೆ ಬೀಗ ಬಿತ್ತು. ಇದು ಶಿಕ್ಷಕರ ಸೋಮಾರಿತನವೆಂದು ಬೈಯುವುದು ಸುಲಭ. ವಸ್ತು ಕಳಿಸಿದವರು ಅದನ್ನು ಪಾಠಕ್ಕೆ ಜೋಡಿಸುವ ಕೆಲಸಕ್ಕೆ ಸಮಯವನ್ನೂ ಕೊಟ್ಟಿರಲಿಲ್ಲ, ವ್ಯಕ್ತಿಯನ್ನೂ ಕೊಟ್ಟಿರಲಿಲ್ಲ ಎಂಬುದು ನಿಜವಾದ ಕಾರಣ.

ಆ ವ್ಯಕ್ತಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು ತೊಂಬತ್ತರ ದಶಕದ ನಡುವೆ. ಡಿ.ಪಿ.ಇ.ಪಿ. ಎಂದೇ ಜನರ ಬಾಯಲ್ಲಿದ್ದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಶುರುವಾಯಿತು. ಎರಡನೇ ಹಂತದಲ್ಲಿ ಬೆಂಗಳೂರು ಗ್ರಾಮಾಂತರವೂ ಸೇರಿ ಇನ್ನೂ ಏಳು ಜಿಲ್ಲೆಗಳು ಬಂದವು. ತಾಲ್ಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಹತ್ತಿರದ ಶಾಲೆಗಳ ಗುಂಪಿಗೊಂದು ಸಮೂಹ ಸಂಪನ್ಮೂಲ ಕೇಂದ್ರ, ಅಲ್ಲಿಗೊಬ್ಬ ಸಿ.ಆರ್.ಪಿ. ಇವರು ತನಿಖಾಧಿಕಾರಿಯಲ್ಲ, ಶಿಕ್ಷಕರ ನಡುವಿನಿಂದಲೇ ಆಯ್ಕೆಯಾದ ಶಿಕ್ಷಕರು. ಶಾಲೆಯಿಂದ ಶಾಲೆಗೆ ಹೋಗಿ ಪಾಠ ಮಾಡಿ ತೋರಿಸುವುದು, ಸಮಾಲೋಚನಾ ಸಭೆ ನಡೆಸಿ ಒಂದು ಶಾಲೆಯಲ್ಲಿ ಫಲಿಸಿದ್ದನ್ನು ಇನ್ನೊಂದಕ್ಕೆ ಮುಟ್ಟಿಸುವುದು ಅವರ ಕೆಲಸ. ಕೊಠಾರಿ ಆಯೋಗದ ಕನಸಿಗೆ ಮೂವತ್ತು ವರ್ಷಗಳ ನಂತರ ಒಂದು ಮೋಟಾರ್ ಸೈಕಲ್ ಸಿಕ್ಕಂತಾಯಿತು.

ಬೆಂಗಳೂರು ನಗರ ಜಿಲ್ಲೆ ಡಿ.ಪಿ.ಇ.ಪಿ. ಪಟ್ಟಿಯಲ್ಲಿರಲಿಲ್ಲ. ಆನೇಕಲ್ ತಾಲ್ಲೂಕು, ಅದರೊಳಗಿನ ಜಿಗಣಿ ಹೋಬಳಿ ನಗರ ಜಿಲ್ಲೆಗೆ ಸೇರಿದ್ದವು. ಈ ಏರ್ಪಾಡು ಎಲ್ಲ ಜಿಲ್ಲೆಗಳಿಗೂ ಹರಡಿದ್ದು 2001ರ ನಂತರ, ಸರ್ವ ಶಿಕ್ಷಣ ಅಭಿಯಾನದೊಂದಿಗೆ. ಅಭಿಯಾನದ ನಿಯಮದಂತೆ ಕಲಿಕೋಪಕರಣ ಮಾಡಿಕೊಳ್ಳಲು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ, ಶಾಲೆಗೆ 2,000 ರೂಪಾಯಿ. ಮೊತ್ತ ಸಣ್ಣದು. ಆದರೆ ಏನು ಬೇಕೆಂದು ಶಾಲೆಯೇ ನಿರ್ಧರಿಸಬಹುದಾದ ಹಣ ಅದು. ಅದೇ 2001ರಲ್ಲಿ ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. ಸರ್ಕಾರಿ ಶಾಲೆಯ ಮೇಜಿನ ಈಚೆ ಬದಿಯಲ್ಲಿ ನಿಂತಿರುತ್ತಿದ್ದ ಪೋಷಕರು ಆಚೆ ಬದಿಯ ಕುರ್ಚಿಯಲ್ಲಿ ಕೂತರು.

ಹೆಗ್ಗಡದೇವನಕೋಟೆಯ ಏಣಿ

ಈ ನಡುವೆ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇನ್ನೊಂದು ದಾರಿ ತೆರೆದಿತ್ತು. ಮದನಪಲ್ಲಿ ಬಳಿಯ ಋಷಿ ವ್ಯಾಲಿಯಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ಕ್ರಮ ಕಟ್ಟಿದ್ದರು. ಕಾಡಂಚಿನ ಈ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕನ್ನಡದಲ್ಲಿ ಅದನ್ನು ಮತ್ತೆ ಕಟ್ಟಿದರು. ಹೆಸರು ನಲಿ-ಕಲಿ.

ಇದರ ತಿರುಳು ಸರಳ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಲಿಕಾ ಏಣಿ ಮಾಡಿದರು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ತಟ್ಟೆ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಯವರಿಗೆ ಶಿಕ್ಷಕರು ಪೂರ್ತಿ ಹೇಳಿಕೊಡುತ್ತಾರೆ, ಇನ್ನೊಂದಕ್ಕೆ ಸ್ವಲ್ಪ ನೆರವು, ಮತ್ತೊಂದರಲ್ಲಿ ಸಹಪಾಠಿಗಳೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ತಲೆಯ ಮೇಲೆ ಕಲಿಕಾ ಚಪ್ಪರದಲ್ಲಿ ಮಕ್ಕಳ ಕೈಕೆಲಸಗಳು ತೂಗುತ್ತಿರುತ್ತವೆ.

ಬಳ್ಳಾರಿಯ ಹಳೆಯ ಶಾಲೆಯನ್ನು ಇಲ್ಲಿ ಗುರುತಿಸಬಹುದು. ಮಗುವೇ ಮಗುವಿಗೆ ಹೇಳಿಕೊಡುವ ಕ್ರಮ 170 ವರ್ಷಗಳ ಸುತ್ತು ಹಾಕಿ ಮನೆಗೆ ಮರಳಿತ್ತು, ಈ ಸಲ ಹೆಣ್ಣುಮಕ್ಕಳನ್ನೂ ಹಾಡಿಯ ಮಕ್ಕಳನ್ನೂ ಒಳಗೆ ಕರೆದುಕೊಂಡು. ಹೆಚ್ಚುವರಿ ಪಾಠ ಮತ್ತೆ ಪಾಠದೊಳಕ್ಕೆ ಸೇರಿತ್ತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ನಲಿ-ಕಲಿ ವಿಸ್ತರಿಸಿತು. ಮುಂದೆ ಉರ್ದು ಶಾಲೆಗಳಿಗೂ ಬಂತು. ಹರಡುವಾಗ ಒಂದು ವ್ಯತ್ಯಾಸವಾಯಿತು. ಕೋಟೆಯ ಶಿಕ್ಷಕರು ಕಾರ್ಡುಗಳನ್ನು ತಾವೇ ಮಾಡಿದ್ದರಿಂದ ಯಾವ ಕಾರ್ಡ್ ಯಾವ ಮಗುವಿಗೆಂದು ಅವರ ಬೆರಳ ತುದಿಯಲ್ಲಿತ್ತು. ಉಳಿದವರಿಗೆ ಅದು ಮುದ್ರಣವಾಗಿ ಲಾರಿಯಲ್ಲಿ ಬಂತು. ಕಾರ್ಡುಗಳ ಅರ್ಥ ತಿಳಿಸಿಕೊಡುವ ಸಿ.ಆರ್.ಪಿ. ಗಟ್ಟಿಯಾಗಿದ್ದ ಕಡೆ ಏಣಿ ನಿಂತಿತು, ಇಲ್ಲದ ಕಡೆ ಗೋಡೆಗೆ ಒರಗಿತು.

ಕಂಪನಿಗಳ ಕಾಲ

ಬೆಂಗಳೂರಿನ ಹೊರವಲಯದಲ್ಲಿ ಈ ಶತಮಾನದ ಆರಂಭದಲ್ಲಿ ಮೂರನೆಯ ಶಕ್ತಿಯೊಂದು ಶಾಲೆಯ ಗೇಟಿನ ಮುಂದೆ ಬಂದು ನಿಂತಿತು. 1996ರಲ್ಲಿ ಶುರುವಾಗಿದ್ದ ಇನ್ಫೋಸಿಸ್ ಪ್ರತಿಷ್ಠಾನ ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಕೊಡುತ್ತಿತ್ತು. 2000ದಲ್ಲಿ ಅಕ್ಷರ ಫೌಂಡೇಷನ್ ಹುಟ್ಟಿ ಸರ್ಕಾರಿ ಶಾಲೆಗಳ ಓದು ಮತ್ತು ಲೆಕ್ಕದ ಹಿಂದುಳಿಕೆಯ ಮೇಲೆ ಕೆಲಸ ಮಾಡಿತು. ಅದರ ಗಣಿತದ ಕಿಟ್ ಮುಂದೆ ನಾಲ್ಕು ಮತ್ತು ಐದನೇ ತರಗತಿಗಳಿಗಾಗಿ ಸರ್ಕಾರದೊಡನೆ ನಡೆಸಿದ ಗಣಿತ ಕಲಿಕಾ ಆಂದೋಲನವಾಯಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಈಶಾನ್ಯ ಕರ್ನಾಟಕದ ಶಾಲೆಗಳಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ನಡೆಸಿತು. ಅದರ ವಿಶ್ವವಿದ್ಯಾಲಯ ಇಂದು ಇರುವುದು ಆನೇಕಲ್ ತಾಲ್ಲೂಕಿನ ಸರ್ಜಾಪುರದ ಬಳಿಯಲ್ಲೇ. ಹೊಸೂರು ರಸ್ತೆಯ ಬಯೋಕಾನ್ ಕಂಪನಿಯ ಪ್ರತಿಷ್ಠಾನ 'ಚಿಣ್ಣರ ಗಣಿತ' ಎಂಬ ಅಭ್ಯಾಸ ಪುಸ್ತಕಗಳನ್ನು ಸರ್ಕಾರಿ ಶಾಲೆಗಳಿಗೆ ಹಂಚಿತು.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಈ ಹರಿವು ಹೊಳೆಯಾಯಿತು. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು, ತಾವಿರುವ ಸ್ಥಳಕ್ಕೆ ಆದ್ಯತೆ ಕೊಡಬೇಕು ಎಂದಿತು ಕಾಯ್ದೆ. ಜಿಗಣಿ, ಬೊಮ್ಮಸಂದ್ರ, ಹೆಬ್ಬಗೋಡಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶದ ನಡುವಿನ ಶಾಲೆಗಳಿಗೆ ಇದರ ಅರ್ಥ ಬಹಳ ಸ್ಪಷ್ಟ. ಗೋಡೆಗೆ ಬಣ್ಣ, ಬೆಂಚು, ಶೌಚಾಲಯ, ಕಂಪ್ಯೂಟರ್, ಶನಿವಾರ ಬಂದು ಇಂಗ್ಲಿಷ್ ಹೇಳಿಕೊಡುವ ಸ್ವಯಂಸೇವಕರು.

ಇವುಗಳ ಬಗ್ಗೆ ಲಘುವಾಗಿ ಮಾತನಾಡುವುದು ಸಲ್ಲದು. ಒಂದು ಶೌಚಾಲಯದಿಂದ ಏಳನೇ ತರಗತಿಯ ಹುಡುಗಿ ಶಾಲೆಯಲ್ಲಿ ಉಳಿಯುತ್ತಾಳೆ. ಆದರೆ ಕಂಪನಿಯ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ, ಮಗುವಿನ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಒಬ್ಬರು ಓದಿಸಲು, ಇನ್ನೊಬ್ಬರು ಕಂಪ್ಯೂಟರ್ ಕಲಿಸಲು, ಮತ್ತೊಬ್ಬರು ವಿಜ್ಞಾನ ಮೇಳಕ್ಕೆ ಬಂದರೆ, ಮೂವರೂ ಒಂದೇ ಚುರುಕು ಮಗುವನ್ನು ಮುಂದೆ ಕೂರಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಹಿಂದಿನ ಸಾಲಿನಲ್ಲಿ ಕುಳಿತ, ನಿಜವಾಗಿ ನೆರವು ಬೇಕಾದ ಮಗುವನ್ನು ಗುರುತಿಸಿ 'ಈ ಮಗುವಿಗೆ ಹೇಳಿಕೊಡಿ' ಎಂದು ತೋರಿಸುವವರು ಬೇಕು.

ವಡೋದರಾ ಮತ್ತು ಹರಿಯಾಣದ ಪಾಠ

ಈ ಮಾತು ಊಹೆಯಲ್ಲ, ಅಳೆದು ನೋಡಿದ್ದು. 2001ರಿಂದ 2003ರವರೆಗೆ ಮುಂಬಯಿ ಮತ್ತು ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ 'ಪ್ರಥಮ್' ಸಂಸ್ಥೆ ಮೂರು ಮತ್ತು ನಾಲ್ಕನೇ ತರಗತಿಯ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅದೇ ಬಡಾವಣೆಯ ಯುವತಿಯಿಂದ ಪಾಠ ಹೇಳಿಸಿತು. ಆಕೆಗೆ 'ಬಾಲಸಖಿ' ಎಂದು ಹೆಸರು, ಎರಡು ವಾರಗಳ ತರಬೇತಿ, ಅಲ್ಪ ಸಂಬಳ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಮ್ಮ ಸಂಗಡಿಗರೊಡನೆ ಇದರ ಫಲವನ್ನು ಅಳೆದರು. ಮಕ್ಕಳ ಕಲಿಕೆ ಎದ್ದು ಕಾಣುವಂತೆ ಏರಿತು, ಅದರಲ್ಲೂ ಅತಿ ಹಿಂದುಳಿದವರದು. ಆದರೆ ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು.

ಮುಂದಿನ ಪ್ರಯೋಗಗಳು ಇನ್ನೂ ಕುತೂಹಲಕರ. ಬಿಹಾರದಲ್ಲಿ ಸರ್ಕಾರಿ ಶಿಕ್ಷಕರು ಬೇಸಗೆ ರಜೆಯ ಒಂದು ತಿಂಗಳ ಶಿಬಿರದಲ್ಲಿ ಹಿಂದುಳಿದ ಮಕ್ಕಳಿಗೆ ಓದಿಸಿದಾಗ ಮಕ್ಕಳು ಕಲಿತರು. ಆದರೆ ಶಾಲೆ ಶುರುವಾದ ಮೇಲೆ ಶಿಕ್ಷಕರಿಗೆ ಸಾಮಗ್ರಿ ಕೊಟ್ಟರೂ ತರಬೇತಿ ಕೊಟ್ಟರೂ ಬದಲಾವಣೆ ಕಾಣಲಿಲ್ಲ. ಏಕೆಂದರೆ ಅವರ ಮೇಲೆ ಪಠ್ಯ ಮುಗಿಸುವ ಹೊರೆ ಇತ್ತು, ಹೆಚ್ಚುವರಿ ಪಾಠಕ್ಕೆ ಗಂಟೆ ಇರಲಿಲ್ಲ. 2012-13ರಲ್ಲಿ ಹರಿಯಾಣ ಇದಕ್ಕೆ ಪರಿಹಾರ ಹುಡುಕಿತು. ಶಾಲೆಯ ದಿನಕ್ಕೆ ಒಂದು ಗಂಟೆ ಸೇರಿಸಿ ಅದನ್ನು ಇದಕ್ಕೇ ಮೀಸಲಿಟ್ಟರು; ಆ ಗಂಟೆಯಲ್ಲಿ ಮಕ್ಕಳನ್ನು ತರಗತಿ ನೋಡಿ ಅಲ್ಲ, ಓದುವ ಮಟ್ಟ ನೋಡಿ ಕೂರಿಸಿದರು. ನಮ್ಮ ಸಿ.ಆರ್.ಪಿ.ಗಳಂಥ ಅಲ್ಲಿನ ಸಂಯೋಜಕರು ಮೊದಲು ತಾವೇ ಎರಡು ಮೂರು ವಾರ ಮಕ್ಕಳಿಗೆ ಪಾಠ ಮಾಡಿ, ಆಮೇಲೆ ಶಿಕ್ಷಕರ ಬೆನ್ನಿಗೆ ನಿಂತರು. ಅಲ್ಲಿ ಮಕ್ಕಳ ಓದು ಸುಧಾರಿಸಿತು. ಅಂದರೆ ಹೆಚ್ಚುವರಿ ಪಾಠಕ್ಕೆ ಬೇಕಾದದ್ದು ಕಿಟ್ಟಿಗಿಂತ ಮುಂಚೆ ಎರಡು ವಸ್ತು: ಅದರದೇ ಆದ ಒಂದು ಗಂಟೆ, ಕೆಲಸ ಬಲ್ಲ ಒಬ್ಬ ಸಂಯೋಜಕ.

ಜಿಗಣಿಯ ಮಗು

ಈಗ ಜಿಗಣಿಗೆ ಬರೋಣ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಕೆರೆಗಳ ಹೋಬಳಿಯಾಗಿದ್ದ ಇದು ಕೈಗಾರಿಕಾ ಪ್ರದೇಶವಾಗಿ, ಗ್ರಾಮ ಪಂಚಾಯಿತಿಯಿಂದ ಪುರಸಭೆಯಾಗಿ ಬದಲಾದದ್ದು ಒಂದೇ ತಲೆಮಾರಿನಲ್ಲಿ. ಕಲ್ಲು ಕ್ವಾರಿಗೆ ಮೊದಲು ಬಂದವರು ತಮಿಳುನಾಡಿನ ಕಡೆಯವರು. ಆಮೇಲೆ ಗ್ರಾನೈಟ್ ಪಾಲಿಶ್ ಘಟಕಗಳು, ಗಾರ್ಮೆಂಟ್ಸ್, ಬಿಡಿಭಾಗಗಳ ಕಾರ್ಖಾನೆಗಳು ಬಂದಂತೆ ರಾಯಚೂರು, ಕಲಬುರಗಿಯಿಂದ, ಆಂಧ್ರದಿಂದ, ಒಡಿಶಾ, ಬಿಹಾರ, ಬಂಗಾಳ, ಅಸ್ಸಾಮಿನಿಂದ ಜನ ಬಂದರು. ಸಾಲು ಶೆಡ್ಡುಗಳಲ್ಲಿ, ಒಂಟಿ ಕೋಣೆಗಳಲ್ಲಿ ಸಂಸಾರ ಹೂಡಿದರು. ತಂದೆ ರಾತ್ರಿ ಪಾಳಿ, ತಾಯಿ ಹಗಲು ಪಾಳಿ, ಮಗು ಸರ್ಕಾರಿ ಶಾಲೆ.

ಬಳ್ಳಾರಿಯಲ್ಲಿ ಏಳು ಭಾಷೆಗಳು ಬೇರೆ ಬೇರೆ ಶಾಲೆಗಳಲ್ಲಿದ್ದವು. ಇಲ್ಲಿ ಅಷ್ಟೂ ಭಾಷೆಗಳು ಒಂದೇ ಬೆಂಚಿನಲ್ಲಿ ಕೂರಬಹುದು. ಮನೆಯಲ್ಲಿ ದಖನಿ ಉರ್ದು, ಒಡಿಯಾ ಅಥವಾ ಬಂಗಾಳಿ ಮಾತಾಡುವ ಮಗುವಿಗೆ ಕನ್ನಡದ ಮೊದಲ ಪಾಠವೇ ಹೆಚ್ಚುವರಿ ಪಾಠ. ಜೂನ್‌ನಲ್ಲಿ ಸೇತುಬಂಧ ಮಾಡುತ್ತಾರೆ ಸರಿ, ಆದರೆ ಈ ಮಗು ಬರುವುದು ದೀಪಾವಳಿ ಕಳೆದ ಮೇಲೆ. ಕಂಟ್ರಾಕ್ಟರ್ ಕೆಲಸ ಮುಗಿದರೆ ಜನವರಿಯಲ್ಲಿ ಹೋಗಿಯೂ ಬಿಡಬಹುದು. ವರ್ಷದ ಲೆಕ್ಕದಲ್ಲಿ ಹಾಕಿದ ಯಾವ ಯೋಜನೆಯ ಕೈಗೂ ಸಿಗದ ಮಗು ಇದು. ಕಂಪನಿ ಕೊಟ್ಟ ಟ್ಯಾಬ್ಲೆಟ್ಟಿಗಿಂತ ಈ ಮಗುವಿಗೆ ಬೇಕಾದದ್ದು, ಅದರ ಭಾಷೆಯೂ ಕನ್ನಡವೂ ಬರುವ ಇನ್ನೊಂದು ಮಗುವಿನ ಪಕ್ಕದಲ್ಲಿ ಒಂದು ಜಾಗ. ಆ ಜಾಗವನ್ನು ತೋರಿಸಬಲ್ಲವರು ಮಕ್ಕಳನ್ನು ಬಲ್ಲ ಶಿಕ್ಷಕರು ಮಾತ್ರ.

ಕಾನೂನು ಇದನ್ನು ಒಪ್ಪಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ, ಪ್ರತಿ ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಬೋಧನೆ 'ಕೊಡುವುದು' ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಶಾಲೆ ತಪ್ಪಿದ ಮಗು ವಯಸ್ಸಿಗೆ ತಕ್ಕ ತರಗತಿಗೆ ಸೇರಿದರೆ ಅದಕ್ಕೆ ವಿಶೇಷ ತರಬೇತಿಯ ಹಕ್ಕಿದೆ ಎನ್ನುತ್ತದೆ 4ನೇ ಕಲಂ. ಆದರೆ ಕಾನೂನು ಕೊಟ್ಟ ಕರ್ತವ್ಯವನ್ನು ಕಚೇರಿ ಕೊಟ್ಟ ಕೆಲಸಗಳು ನುಂಗುತ್ತಿವೆ. ಪಾಠ ಮಾಡಿ ತೋರಿಸಲೆಂದು ನೇಮಕವಾದ ಸಿ.ಆರ್.ಪಿ. ಇಂದು ಅಂಕಿ ಅಂಶ ತುಂಬಿಸುವ, ಸುತ್ತೋಲೆ ತಲುಪಿಸುವ, ಸಮವಸ್ತ್ರದ ಲೆಕ್ಕ ಒಯ್ಯುವ ಕೊಂಡಿಯಾಗಿದ್ದಾರೆ. ಮುಖ್ಯ ಶಿಕ್ಷಕರು ಬಿಸಿಯೂಟದ ಅಕ್ಕಿ, ಮೊಟ್ಟೆ, ಹಾಲಿನ ಪುಡಿಯ ದಾಸ್ತಾನಿನ ಜೊತೆಗೆ ದಾನಿಗಳ ಸಂಯೋಜನೆಯನ್ನೂ ಮಾಡಬೇಕು.

ಕೊರೋನಾ ಕಾಲದ ಒಂದು ನೆನಪನ್ನು ನಾವು ಬೇಗ ಮರೆತೆವು. 2020ರ ಆಗಸ್ಟ್‌ನಲ್ಲಿ ಶಾಲೆಗಳು ಮುಚ್ಚಿದ್ದಾಗ 'ವಿದ್ಯಾಗಮ' ಶುರುವಾಯಿತು. ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಅರಳಿಕಟ್ಟೆ, ದೇವಸ್ಥಾನದ ಪ್ರಾಂಗಣ, ಸಮುದಾಯ ಭವನಗಳಲ್ಲಿ ಪಾಠ ನಡೆಯಿತು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು ನಿಜ. ಆದರೆ ಆ ಕೆಲವು ವಾರಗಳಲ್ಲಿ ಯಾವ ಮಗು ಯಾವ ಮನೆಯಲ್ಲಿದೆ, ಆ ಮನೆಯಲ್ಲಿ ಓದಲು ಬೆಳಕಿದೆಯೇ, ಹೇಳಿಕೊಡುವ ಅಕ್ಕ ಇದ್ದಾಳೆಯೇ ಎಂಬುದನ್ನು ಶಿಕ್ಷಕರು ಕಣ್ಣಾರೆ ಕಂಡರು. ಯಾವ ಆ್ಯಪ್‌ನಲ್ಲೂ ಸಿಗದ ಮಾಹಿತಿ ಅದು. 2022ರಲ್ಲಿ ಕಲಿಕಾ ಚೇತರಿಕೆಯ ಹಾಳೆಗಳು ಬಂದಾಗ, ಯಾವ ಹಾಳೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯಲು ನೆರವಾಗಬಹುದಾಗಿದ್ದದ್ದು ಇಂಥ ತಿಳಿವಳಿಕೆಯೇ.

ಇನ್ನೂರು ವರ್ಷಗಳ ಈ ಕಥೆಯಿಂದ ಜಿಗಣಿಯಂಥ ಊರಿನ ಶಾಲೆಗೆ ಮೂರು ಬೇಡಿಕೆಗಳು ಹುಟ್ಟುತ್ತವೆ. ಮೊದಲನೆಯದು, ವೇಳಾಪಟ್ಟಿಯೊಳಗೇ ದಿನಕ್ಕೊಂದು ಗಂಟೆ. ಮಕ್ಕಳು ತರಗತಿ ಮರೆತು ಮಟ್ಟಕ್ಕೆ ತಕ್ಕಂತೆ ಕೂರುವ, ಯಾವ ಸುತ್ತೋಲೆಯೂ ಮುಟ್ಟದ ಗಂಟೆ. ಎರಡನೆಯದು, ಸಿ.ಆರ್.ಪಿ.ಯನ್ನು ಕಡತದಿಂದ ಬಿಡಿಸಿ ಮತ್ತೆ ತರಗತಿಗೆ ಕಳಿಸುವುದು. ಮೂರನೆಯದು, ಕಂಪನಿಯಾಗಲಿ ಸಂಘಸಂಸ್ಥೆಯಾಗಲಿ ಶಾಲೆಗೆ ಬರುವ ಮೊದಲು 'ನಾವು ಏನು ಕೊಡಲಿ' ಎಂದು ಕೇಳದೆ 'ನಿಮ್ಮಲ್ಲಿ ಯಾವ ಮಕ್ಕಳಿಗೆ ಏನು ಬರುವುದಿಲ್ಲ' ಎಂದು ಕೇಳುವುದು. ಆ ಪ್ರಶ್ನೆಗೆ ಉತ್ತರವಾಗಿ ಒಂದು ಪಟ್ಟಿ ಇಟ್ಟುಕೊಂಡಿರುವುದು ಶಾಲಾಭಿವೃದ್ಧಿ ಸಮಿತಿಯ ಕೆಲಸ. ಮೊಹಲ್ಲಾದ ಮಸೀದಿ ಸಮಿತಿಗಳೂ ಇದರಲ್ಲಿ ಕೈಜೋಡಿಸಬಹುದು. ಮಕ್ತಬ್ ಮುಗಿದ ಮೇಲೆ ಅದೇ ಚಾಪೆ, ಅದೇ ದೀಪ, ಅವೇ ಮಕ್ಕಳು ಇರುತ್ತಾರೆ. ಪಿ.ಯು.ಸಿ. ಮುಗಿಸಿ ಮನೆಯಲ್ಲಿರುವ ಒಬ್ಬ ಹುಡುಗಿ ಅರ್ಧ ಗಂಟೆ ಕನ್ನಡ ಓದಿಸಿದರೆ ಸಾಕು. ಮಕ್ಕಳು ಅವಳನ್ನು ಆಪಾ ಎಂದು ಕರೆದರೂ ಸರಿ, ಅಕ್ಕ ಎಂದು ಕರೆದರೂ ಸರಿ. ಆದರೆ ಅವಳು ಏನು ಓದಿಸುತ್ತಿದ್ದಾಳೆಂದು ಶಾಲೆಯ ಟೀಚರಿಗೆ ಗೊತ್ತಿರಬೇಕು.

ಬಳ್ಳಾರಿಯ ಅಯ್ಯನವರ ಬಳಿ ಕಿಟ್ ಇರಲಿಲ್ಲ, ಅನುದಾನವಿರಲಿಲ್ಲ. ಆದರೆ ಯಾವ ಮಗುವನ್ನು ಯಾವ ಮಗುವಿನ ಪಕ್ಕ ಕೂರಿಸಬೇಕೆಂಬ ತಿಳಿವಳಿಕೆ ಮತ್ತು ಅದಕ್ಕೆ ಬೇಕಾದ ಹೊತ್ತು ಎರಡೂ ಇದ್ದವು. ನಮ್ಮ ಶಾಲೆಗಳಿಗೆ ಈಗ ಕಿಟ್ ಇದೆ, ಅನುದಾನವಿದೆ, ದಾನಿಗಳಿದ್ದಾರೆ. ಹೊತ್ತು ಒಂದನ್ನು ಶಿಕ್ಷಕರಿಗೆ ಮರಳಿ ಕೊಡಬೇಕಾಗಿದೆ.